ಮೊರೆತದ ಮೇಲೆ ಪೆಟ್ಟು ಕೇಳಬೇಕು: ರೈಡ್ ಸಿಂಬಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ರೈಡ್ ಸಿಂಬಲ್‌ನದ್ದೇ. ಡ್ರಮ್ ಸೆಟ್‌ನಲ್ಲಿ ಒಂದೇ ಸಮನೆ ಲಯ ಹಿಡಿಯಲು ಸ್ಟಿಕ್‌ನಿಂದ ಬಾರಿಸುವ ದೊಡ್ಡ ಲೋಹದ ತಟ್ಟೆ ಅದು. ಬರೆದವರೆಲ್ಲ ಹೊಸದಾಗಿ ಡ್ರಮ್ಸ್ ಕಲಿಯುತ್ತಿರುವವರು. ಹಾಗಾಗಿ ಬೇರೆ ವಿಷಯಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆದಿದ್ದೇನೆ. ಮೊದಲು ಓದುಗರ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ.

ಡ್ರಮ್ಸ್ ಕಲಿಯಲು ಶುರು ಮಾಡಿ ಎಂಟು ತಿಂಗಳಾಯಿತು. ಸೆಟ್ ಜೊತೆ ಬಂದ ರೈಡ್ ಬಾರಿಸಿದರೆ ನಾಲ್ಕೈದು ಪೆಟ್ಟಿಗೇ ಎಲ್ಲ ಕಲೆತು ಒಂದೇ ಮೊರೆತ ಆಗುತ್ತದೆ. ಹೊಸದು ತಗೊಳ್ಳಬೇಕಾ? ತಗೊಂಡರೆ ಎಷ್ಟು ಇಂಚಿನದು?

ನಿಮ್ಮ ಕಿವಿ ಸರಿಯಾದ ಜಾಗದಲ್ಲೇ ಇದೆ. ರೈಡ್‌ನಲ್ಲಿ ಎರಡು ಸದ್ದು ಒಟ್ಟಿಗೆ ಇರುತ್ತವೆ. ಒಂದು, ಸ್ಟಿಕ್‌ನ ತುದಿ ತಾಗಿದಾಗ ಬರುವ 'ಟಿಂಗ್'. ಇನ್ನೊಂದು, ಅದರ ಕೆಳಗೆ ನಿಧಾನಕ್ಕೆ ಏಳುವ ಮೊರೆತ. ಮೊರೆತ ಇರಲೇಬೇಕು, ಅದೇ ರೈಡ್‌ಗೆ ಮೈ ಕೊಡುವುದು. ಆದರೆ ಪ್ರತಿ ಪೆಟ್ಟೂ ಅದರ ಮೇಲೆ ಬಿಡಿಬಿಡಿಯಾಗಿ ಕೇಳಬೇಕು. ಜೊತೆಗೆ ನುಡಿಸುವವರೆಲ್ಲ ಆ ಪೆಟ್ಟನ್ನೇ ಹಿಡಿದುಕೊಂಡು ಹೋಗುವುದು. 1940ರ ದಶಕದಲ್ಲಿ ಬೀಬಾಪ್ ಜಾಝ್ ರೂಪುಗೊಳ್ಳುತ್ತಿದ್ದಾಗ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಲಯ ಹಿಡಿಯುವ ಕೆಲಸವನ್ನು ಕಾಲಿನಿಂದ ಬಾರಿಸುವ ಬೇಸ್ ಡ್ರಮ್‌ನಿಂದ ಬಿಡಿಸಿ ರೈಡ್‌ಗೆ ತಂದರು. ಅಲ್ಲಿಂದೀಚೆಗೆ ಸೆಟ್‌ನಲ್ಲಿ ರೈಡ್‌ನ ಜವಾಬ್ದಾರಿಯೇ ಬೇರೆ.

ಹೊಸಬರ ಸೆಟ್‌ನೊಂದಿಗೆ ಬರುವ ಸಿಂಬಲ್‌ಗಳು ಸಾಮಾನ್ಯವಾಗಿ ಹಿತ್ತಾಳೆಯವು, ಅಂದರೆ ತಾಮ್ರ ಮತ್ತು ಸತು. ಒಳ್ಳೆಯ ಸಿಂಬಲ್‌ಗಳು ಕಂಚಿನವು, ಅಂದರೆ ತಾಮ್ರ ಮತ್ತು ತವರ. ಕಂಚಿನಲ್ಲೂ ಎರಡು ಬಗೆ ಕಣ್ಣಿಗೆ ಬೀಳುತ್ತವೆ. ಬಿ8 ಎಂದರೆ 92 ಪಾಲು ತಾಮ್ರ, 8 ಪಾಲು ತವರ. ಬಿ20 ಎಂದರೆ 80 ಪಾಲು ತಾಮ್ರ, 20 ಪಾಲು ತವರ. ಬಿ20ರ ದನಿಯಲ್ಲಿ ಪದರ ಜಾಸ್ತಿ, ಬಿ8ರ ದನಿ ನೇರ, ಚುರುಕು. ಬಿ20 ಆದರೆ ಮಾತ್ರ ಒಳ್ಳೆಯದು ಅಂತ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 1971ರಲ್ಲಿ ಬಂದ, ಪೈಸ್ಟೆ ಕಂಪನಿಯ '2002' ಸರಣಿಯ ಸಿಂಬಲ್‌ಗಳು ಬಿ8 ಲೋಹದವೇ, ರಾಕ್ ಸಂಗೀತದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಅವು ಬಾಳಿವೆ. ಲೋಹಕ್ಕಿಂತ ಅದನ್ನು ಎಷ್ಟು ಶ್ರದ್ಧೆಯಿಂದ ಬಡಿದು, ಕಡೆದು ಮಾಡಿದ್ದಾರೆ ಅನ್ನುವುದು ಮುಖ್ಯ.

ಇಂಚಿನ ಪ್ರಶ್ನೆಗೆ ಉತ್ತರ ಸುಲಭ. ಮೊದಲ ರೈಡ್ 20 ಇಂಚಿನದು ತಗೊಳ್ಳಿ. 22 ಇಂಚಿನದೂ ಚೆನ್ನಾಗಿರುತ್ತದೆ, ಆದರೆ ಅದರ ಮೊರೆತ ದೊಡ್ಡದು, ಅದನ್ನು ಹತೋಟಿಯಲ್ಲಿಡಲು ಕೈ ಸ್ವಲ್ಪ ಪಳಗಿರಬೇಕು.

ಇಂಚಿಗಿಂತ ತೂಕ ನೋಡಿ. ಹೊಸಬರು ಇದನ್ನು ಕೇಳುವುದೇ ಇಲ್ಲ. ಒಂದೇ 20 ಇಂಚಿನ ಎರಡು ರೈಡ್‌ಗಳು ತೂಕ ಬೇರೆಯಾದರೆ ಬೇರೆ ಬೇರೆ ವಾದ್ಯಗಳೇ ಅನ್ನಬಹುದು. ಸುಮಾರು 1900 ಗ್ರಾಮ್‌ಗಿಂತ ಕಡಿಮೆ ಇದ್ದರೆ ತೆಳು: ದನಿ ತಗ್ಗು, ಮೊರೆತ ಬೇಗ ಏಳುತ್ತದೆ. 2600 ದಾಟಿದರೆ ಭಾರ: ಪೆಟ್ಟು ಗಾಜಿನ ಹಾಗೆ ಸ್ಪಷ್ಟ, ಸದ್ದು ಜೋರು, ಆದರೆ ಮೆಲ್ಲಗೆ ನುಡಿಸುವ ಹಾಡಿನಲ್ಲಿ ಅದು ಹೊಂದುವುದು ಕಷ್ಟ. ನಿಮಗೆ ಬೇಕಾದದ್ದು ನಡುವಿನದು, 2100ರಿಂದ 2300 ಗ್ರಾಮ್ ಆಸುಪಾಸು. ಯಾವ ಬಗೆಯ ಸಂಗೀತದ ಕಡೆ ಹೋಗುತ್ತೀರಿ ಅಂತ ಇನ್ನೂ ಗೊತ್ತಿಲ್ಲದವರಿಗೆ ಅದು ಎಲ್ಲ ಕಡೆಗೂ ಬಾಗಿಲು ತೆರೆದಿಡುತ್ತದೆ.

ಆದರೆ ಹಣ ಖರ್ಚು ಮಾಡುವ ಮುಂಚೆ ಒಂದು ವಾರ ಈಗಿರುವ ರೈಡ್‌ನಲ್ಲೇ, ಈಗ ಹೊಡೆಯುವುದರ ಅರ್ಧ ಜೋರಿನಲ್ಲಿ ಬಾರಿಸಿ ನೋಡಿ. ಮೊರೆತ ಎಷ್ಟೋ ಇಳಿದರೆ ಗುಟ್ಟು ಕೈಯಲ್ಲಿದೆ ಎಂದರ್ಥ. ಕೈ ಹಾಗೇ ಇದ್ದರೆ ಹೊಸ ರೈಡ್ ತಂದರೂ ಅದೇ ಮೊರೆತ ಹಿಂದೆಯೇ ಬರುತ್ತದೆ.

ಅಂಗಡಿಯಲ್ಲಿ ಬಾರಿಸಿ ನೋಡಿದಾಗ ಎಲ್ಲ ರೈಡ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ಹೇಗೆ ಆರಿಸುವುದು?

ನಾಲ್ಕು ಪೆಟ್ಟು ಹೊಡೆದು ಮುಂದಕ್ಕೆ ಹೋಗುವುದರಿಂದಲೇ ಹೀಗಾಗುವುದು. ನಾಲ್ಕು ಪೆಟ್ಟಿಗೆ ಯಾವ ರೈಡ್ ಆದರೂ ಚೆಂದವೇ.

ನಿಮ್ಮದೇ ಸ್ಟಿಕ್ ತೆಗೆದುಕೊಂಡು ಹೋಗಿ. ತುದಿ ಮರದ್ದೋ ನೈಲಾನ್‌ದೋ ಅನ್ನುವುದರ ಮೇಲೆಯೇ ದನಿ ಬದಲಾಗುತ್ತದೆ. ನೈಲಾನ್ ತುದಿಯ ಟಿಂಗ್ ಹೆಚ್ಚು ಚೂಪು, ಮರದ ತುದಿಯದು ಬೆಚ್ಚಗೆ. ಅಂಗಡಿಯವರು ಕೊಟ್ಟ ಸ್ಟಿಕ್‌ನಲ್ಲಿ ಕೇಳಿದ ದನಿ ನಿಮ್ಮ ಜೊತೆ ಮನೆಗೆ ಬರುವುದಿಲ್ಲ.

ಸಿಂಬಲ್‌ಅನ್ನು ನೀವು ಮನೆಯಲ್ಲಿ ಇಡುವ ಎತ್ತರಕ್ಕೇ ಇಡಿಸಿಕೊಳ್ಳಿ. ನಿಮಿಷಕ್ಕೆ 80ರಂತೆ, ಒಂದೇ ಸಮನೆ ಪೆಟ್ಟು ಹಾಕುತ್ತಾ ಒಂದು ಪೂರ್ತಿ ನಿಮಿಷ ಬಾರಿಸಿ. ಮೊದಲ ಹತ್ತು ಪೆಟ್ಟು ಗಮನಿಸಬೇಡಿ. ನಲವತ್ತನೆಯ ಪೆಟ್ಟಿನ ಹೊತ್ತಿಗೆ ಮೊರೆತ ಪೂರ್ತಿ ಎದ್ದಿರುತ್ತದೆ. ಆಗ ಟಿಂಗ್ ಇನ್ನೂ ಮೇಲೆ ತೇಲುತ್ತಿದೆಯೇ, ಇಲ್ಲ ಮುಳುಗಿಹೋಯಿತೇ? ಇದೊಂದೇ ಪರೀಕ್ಷೆ ಅರ್ಧ ಅಂಗಡಿಯನ್ನು ಸೋಸಿಬಿಡುತ್ತದೆ. ಆಮೇಲೆ ತಟ್ಟನೆ ನಿಲ್ಲಿಸಿ ಸದ್ದು ಆರುವುದನ್ನು ಕೇಳಿ. ನುಣ್ಣಗೆ ಇಳಿದುಹೋಗಬೇಕು. ಕೊನೆಯಲ್ಲಿ ಒಂದೇ ಒಂದು ಸ್ವರ ಗುಂಯ್ ಅಂತ ಹಟ ಹಿಡಿದು ಉಳಿದರೆ ಆ ಸಿಂಬಲ್ ಬೇಡ. ಆ ಸ್ವರ ಪ್ರತಿ ಹಾಡಿನಲ್ಲೂ ಅಡ್ಡ ಬರುತ್ತದೆ.

ಇನ್ನೊಂದು ಕೆಲಸ. ಜೊತೆಗೆ ಬಂದವರ ಕೈಗೆ ಸ್ಟಿಕ್ ಕೊಟ್ಟು ನೀವು ಹತ್ತು ಹೆಜ್ಜೆ ದೂರ ನಿಂತು ಕೇಳಿ. ಹತ್ತಿರದಲ್ಲಿ ಕಿವಿಗೆ ಚುಚ್ಚುವ ಟಿಂಗ್ ದೂರಕ್ಕೆ ಹೋದಾಗ ಎಷ್ಟೋ ಮೆದುವಾಗುತ್ತದೆ. ಕೇಳುಗರು ನಿಮ್ಮ ತೊಡೆಯ ಮೇಲೆ ಕೂತಿರುವುದಿಲ್ಲ, ಅಲ್ವಾ?

ಕೊನೆಗೆ ನಡುವಿನ ಉಬ್ಬು, ಅಂದರೆ ಬೆಲ್ ತಟ್ಟಿ. ಅದರ ದನಿ ಬೇರೆಯಾಗಿರಬೇಕು, ಆದರೆ ಅದೇ ಸಿಂಬಲ್‌ನ ಮಾತು ಅನ್ನಿಸಬೇಕು.

ರೈಡ್ ಎಲ್ಲಿ ಹೊಡೆಯಬೇಕು? ಜಾಝ್ ಪ್ಯಾಟರ್ನ್ ಬಾರಿಸಲು ಹೋದರೆ ಎರಡೇ ನಿಮಿಷಕ್ಕೆ ಮುಂಗೈ ಸೋಲುತ್ತದೆ, ಒಂದು ಪೆಟ್ಟಿನಂತೆ ಇನ್ನೊಂದಿರುವುದಿಲ್ಲ.

ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಸಿಂಬಲ್ ಕೊಳ್ಳುವ ಬಗ್ಗೆ ಹತ್ತು ಜನ ಕೇಳಿದರೆ ಬಾರಿಸುವ ಬಗ್ಗೆ ಕೇಳುವವರು ಒಬ್ಬರು.

ಮೊದಲು ಜಾಗ. ರೈಡ್‌ನಲ್ಲಿ ಮೂರು ಭಾಗ: ನಡುವೆ ಬೆಲ್, ಅಂಚಿನಲ್ಲಿ ಎಡ್ಜ್, ಇವೆರಡರ ನಡುವಿನ ಅಗಲವಾದ ಇಳಿಜಾರು ಬೋ. ನಿಮ್ಮ ಮನೆ ಬೋ ಮೇಲಿದೆ, ಬೆಲ್‌ಗೂ ಅಂಚಿಗೂ ಹೆಚ್ಚುಕಡಿಮೆ ಮಧ್ಯದಲ್ಲಿ. ಅಂಚಿನ ಕಡೆ ಸರಿದಷ್ಟೂ ಮೊರೆತ ಜಾಸ್ತಿ, ಬೆಲ್ ಕಡೆ ಸರಿದಷ್ಟೂ ಸದ್ದು ಒಣಗುತ್ತಾ ಹೋಗುತ್ತದೆ. ಸುಮ್ನೆ ಒಂದೇ ವೇಗದಲ್ಲಿ ಬಾರಿಸುತ್ತಾ ಅಂಚಿನಿಂದ ಬೆಲ್ ತನಕ ನಿಧಾನಕ್ಕೆ ಸರಿಯಿರಿ, ವಾಪಸ್ ಬನ್ನಿ. ಎಲ್ಲೋ ಒಂದು ಕಡೆ ಟಿಂಗ್ ಮತ್ತು ಮೊರೆತ ಎರಡೂ ಸಮ ಅನ್ನಿಸುತ್ತದೆ. ಅಲ್ಲಿ ಸೀಮೆಸುಣ್ಣದಿಂದ ನಾಣ್ಯದಗಲ ಒಂದು ಸುತ್ತು ಎಳೆಯಿರಿ. ಎರಡು ವಾರ ಆ ಸುತ್ತಿನೊಳಗೇ ಬಾರಿಸಿ. ಮರದ ತುದಿಯ ಸ್ಟಿಕ್ ಆದರೆ ಲೋಹದ ಮೇಲೆ ಮಾಸಲು ಗೀರುಗಳು ಬೀಳುತ್ತವೆ. ಸುಣ್ಣ ಒರೆಸಿ ಆ ಗೀರುಗಳನ್ನು ನೋಡಿ. ಒಂದೇ ಕಡೆ ಗುಂಪಾಗಿದ್ದರೆ ಕೈ ಕೂತಿದೆ. ಅಂಗೈಯಗಲ ಹರಡಿದ್ದರೆ 'ಒಂದು ಪೆಟ್ಟಿನಂತೆ ಇನ್ನೊಂದಿಲ್ಲ' ಎಂಬ ನಿಮ್ಮ ದೂರಿನ ಕಾರಣ ಕಣ್ಣೆದುರಿಗೇ ಇದೆ.

ಈಗ ಮುಂಗೈ. ಕೂತಲ್ಲಿಂದ ಕೈ ಚಾಚಿ ಹೊಡೆಯುತ್ತಿದ್ದೀರಾ ನೋಡಿಕೊಳ್ಳಿ. ಮೊಣಕೈ ಪಕ್ಕೆಯ ಹತ್ತಿರ ಸಡಿಲವಾಗಿ ತೂಗುತ್ತಿರಬೇಕು, ಸ್ಟಿಕ್‌ನ ತುದಿ ತಾನಾಗಿ ಬೋ ಮೇಲೆ ಬಂದು ನಿಲ್ಲಬೇಕು. ಹಾಗಾಗದಿದ್ದರೆ ಸ್ಟ್ಯಾಂಡ್ ತಗ್ಗಿಸಿ, ಹತ್ತಿರ ಎಳೆದುಕೊಳ್ಳಿ. ಸಿಂಬಲ್ ನಿಮ್ಮ ಕಡೆಗೆ ಸ್ವಲ್ಪ ಮಾತ್ರ ವಾಲಿರಲಿ. ಹೊಸಬರ ಸೋಲುವ ಕೈಗೆ ಹೆಚ್ಚಿನ ಸಲ ಕಾರಣ ಸ್ಟ್ಯಾಂಡ್ ಇಟ್ಟ ಜಾಗವೇ.

ಆಮೇಲೆ ಹಿಡಿತ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ಟಿಕ್ ತಿರುಗುವಷ್ಟು ಸಡಿಲ ಇರಲಿ. ಪೆಟ್ಟು ಹಾಕಿದ ಮೇಲೆ ಸ್ಟಿಕ್ ತಾನೇ ಪುಟಿದು ಮೇಲೆ ಬರುತ್ತದೆ. ಆ ಪುಟಿತವನ್ನು ಬಿಗಿಹಿಡಿದು ಕೊಂದರೆ ಮುಂದಿನ ಪೆಟ್ಟಿಗೆ ಸ್ಟಿಕ್‌ಅನ್ನು ನೀವೇ ಎತ್ತಬೇಕು. ಎರಡು ನಿಮಿಷದಲ್ಲಿ ಸೋಲುವುದು ಈ ಎತ್ತುವ ಕೆಲಸದಿಂದ.

ಪ್ಯಾಟರ್ನ್‌ಗೆ ಬರೋಣ. ನಾಲ್ಕು ಎಣಿಕೆ ಇಟ್ಟುಕೊಂಡು ಪ್ರತಿ ಎಣಿಕೆಗೂ ಬಾಯಲ್ಲಿ 'ತಕಿಟ' ಹೇಳಿ. ಒಂದನೆಯ ಎಣಿಕೆಯಲ್ಲಿ 'ತ' ಮಾತ್ರ ಬಾರಿಸಿ. ಎರಡನೆಯದರಲ್ಲಿ 'ತ' ಮತ್ತು 'ಟ' ಬಾರಿಸಿ, 'ಕಿ' ಬಿಡಿ. ಮೂರನೆಯದು ಒಂದನೆಯದರ ಹಾಗೆ, ನಾಲ್ಕನೆಯದು ಎರಡನೆಯದರ ಹಾಗೆ. ಎರಡು ಮತ್ತು ನಾಲ್ಕಕ್ಕೆ ಎಡಗಾಲಿನಲ್ಲಿ ಹೈ-ಹ್ಯಾಟ್ (ಪೆಡಲ್ ಒತ್ತಿದರೆ ಒಂದಕ್ಕೊಂದು ಕೂಡುವ ಜೋಡಿ ಸಿಂಬಲ್) ಮುಚ್ಚಿ. ಅಷ್ಟೇ, ಟಿಂಗ್, ಟಿಂಗ್-ಅ-ಟಿಂಗ್ ಬಂತು. 'ಟ' ಮತ್ತು ಅದರ ಹಿಂದೆಯೇ ಬರುವ 'ತ' ಎರಡನ್ನೂ ಮಣಿಕಟ್ಟಿನಿಂದ ಬೇರೆ ಬೇರೆಯಾಗಿ ಹೊಡೆಯಬೇಡಿ. 'ಟ' ಹೊಡೆದಾಗ ಸಿಕ್ಕ ಪುಟಿತವನ್ನೇ ಬೆರಳಿನಿಂದ ಮತ್ತೆ ಕೆಳಕ್ಕೆ ತಳ್ಳಿ, 'ತ' ಬೀಳುತ್ತದೆ. ಮೊದಲು ನಿಮಿಷಕ್ಕೆ 60 ಎಣಿಕೆಯಲ್ಲಿ ಮಾಡಿ. ಐದು ನಿಮಿಷ ನೋವಿಲ್ಲದೆ ಸಾಗಿದ ಮೇಲೆ 5 ಏರಿಸಿ. ನೋವು ಬಂದರೆ ನಿಲ್ಲಿಸಿ. ನೋವಿನ ಮೇಲೆ ಕಲಿತ ಹಿಡಿತವನ್ನು ಬಿಡಿಸುವುದು ಬಹಳ ಕಷ್ಟ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಲ್ ಬಾರಿಸುವಾಗ ಮಾತ್ರ ಸ್ಟಿಕ್‌ನ ತುದಿಯಲ್ಲ, ತುದಿಯ ಹಿಂದೆ ದಪ್ಪಗಾಗುವ ಭುಜದ ಭಾಗ ತಾಗಲಿ. ದನಿ ತುಂಬಿ ಬರುತ್ತದೆ.

ಕ್ರ್ಯಾಶ್ ಮತ್ತು ರೈಡ್ ಎರಡಕ್ಕೂ ಒಂದೇ ಸಿಂಬಲ್ ಸಾಕಾ?

ಕ್ರ್ಯಾಶ್ ಅಂದರೆ ಒತ್ತು ಕೊಡಲು ಒಮ್ಮೆ ಜೋರಾಗಿ ಹೊಡೆಯುವ ಸಿಂಬಲ್. 18 ಇಂಚಿನ 'ಕ್ರ್ಯಾಶ್-ರೈಡ್' ಸಿಗುತ್ತದೆ. ಜಾಗ, ಹಣ ಎರಡೂ ಕಡಿಮೆ ಇದ್ದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಕ್ರ್ಯಾಶ್ ಆಗಿ ಅದು ನಿಧಾನ, ರೈಡ್ ಆಗಿ ಮೊರೆತ ಜಾಸ್ತಿ. ನನ್ನನ್ನು ಕೇಳಿದರೆ ತೆಳುವಿನ ಕಡೆಗಿರುವ 20 ಇಂಚಿನ ರೈಡ್ ಒಂದನ್ನೇ ಇಟ್ಟುಕೊಂಡು, ಬೇಕಾದಾಗ ಅದರ ಅಂಚಿಗೇ ಸ್ಟಿಕ್‌ನ ಭುಜದಿಂದ ಓರೆಯಾಗಿ ಒರೆಸಿದಂತೆ ಹೊಡೆಯುವುದು ಮೇಲು.

ಬಳಸಿದ ರೈಡ್ ಒಂದು ಸಿಗುತ್ತಿದೆ. ಏನೇನು ನೋಡಬೇಕು?

ಧೈರ್ಯವಾಗಿ ನೋಡಿ. ಒಳ್ಳೆಯ ಕಂಚಿನ ರೈಡ್ ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಮಾಸಲು ಬಣ್ಣಕ್ಕೆ ಹೆದರಬೇಡಿ. ಹೆದರಬೇಕಾದದ್ದು ಬಿರುಕಿಗೆ.

ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಉಗುರನ್ನು ನಿಧಾನಕ್ಕೆ ಓಡಿಸಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ನಿಲ್ಲಿ. ಚಿಕ್ಕ ತಗ್ಗು ಆದರೆ ಪರವಾಗಿಲ್ಲ, ಎಲ್ಲೋ ತಾಗಿಸಿಕೊಂಡಿದೆ ಅಷ್ಟೇ. ಕೂದಲೆಳೆಯಂಥ ಗೆರೆ ಒಳಕ್ಕೆ ಹೋಗಿದ್ದರೆ ಬಿಟ್ಟುಬಿಡಿ, ಅದು ಬೆಳೆಯುತ್ತಲೇ ಹೋಗುತ್ತದೆ. ಬೆಲ್‌ನ ಬುಡದ ಸುತ್ತಲೂ ಹೀಗೇ ನೋಡಿ. ನಡುವಿನ ತೂತು ದುಂಡಗಿರಬೇಕು. ಒಂದು ಕಡೆ ಸವೆದು ಬೀಗದ ಕೈ ತೂತಿನ ಹಾಗೆ ಆಗಿದ್ದರೆ ಹಿಂದಿನವರು ಪ್ಲಾಸ್ಟಿಕ್ ಕೊಳವೆ ಇಲ್ಲದೆ ಬರೀ ಕಬ್ಬಿಣದ ಮೇಲೆ ಕೂರಿಸಿದ್ದರು ಎಂದರ್ಥ. ಆಮೇಲೆ ಬೆಲ್ ಹಿಡಿದೆತ್ತಿ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಜರ್ ಅನ್ನುವ ಸಣ್ಣ ಕಂಪನ ಕೇಳಿದರೆ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಬಿರುಕಿನ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ನನ್ನ ಮೊದಲ ಕಂಚಿನ ಸಿಂಬಲ್ ಅಲ್ಲಾಡಬಾರದು ಅಂತ ಮೇಲಿನ ವಿಂಗ್ ನಟ್ ಪೂರ್ತಿ ಬಿಗಿದಿದ್ದೆ. ಒಂದು ಸಂಜೆ ಬಾರಿಸುವಾಗ ದನಿಯಲ್ಲಿ ಏನೋ ಹರಿದಂತೆ ಕೇಳಿತು. ಅಂಚಿನಲ್ಲಿ ಬೆರಳುದ್ದ ಬಿರುಕು. ತವರ ಹೆಚ್ಚಿರುವ ಕಂಚು ಗಟ್ಟಿ ನಿಜ, ಆದರೆ ಬಾಗದೆ ಒಡೆಯುವ ಗುಣದ್ದು. ಪೆಟ್ಟು ಬಿದ್ದಾಗ ಅದು ತೂಗಾಡಲೇಬೇಕು. ತೂಗಾಡಲು ಬಿಡದಿದ್ದರೆ ಆ ಬಲವೆಲ್ಲ ಲೋಹದೊಳಗೇ ಉಳಿಯುತ್ತದೆ. ಕೆಳಗೊಂದು ಮೇಲೊಂದು ಫೆಲ್ಟ್ (ಮೆತ್ತನೆಯ ಉಣ್ಣೆ ಬಿಲ್ಲೆ), ನಡುವೆ ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ನಟ್ ಬೀಳದಷ್ಟು ಮಾತ್ರ ಬಿಗಿ. ಬೆರಳಿನಿಂದ ಅಂಚು ಒತ್ತಿದರೆ ರೈಡ್ ಸಲೀಸಾಗಿ ವಾಲಿ ತಾನೇ ವಾಪಸ್ ಬರಬೇಕು.

ಸಿಂಬಲ್ ಫಳಫಳ ಹೊಳೆಯುವಂತೆ ಮಾಡಲು ಹಿತ್ತಾಳೆ ಪಾಲಿಶ್ ಹಚ್ಚಬಹುದಾ?

ಬೇಡ. ಪಾಲಿಶ್‌ಗೆ ಮೇಲಿನ ಲೇಪ, ಅಚ್ಚು ಹಾಕಿದ ಹೆಸರು ಎಲ್ಲ ಕಿತ್ತು ಬರುತ್ತವೆ, ಉಳಿದ ಪುಡಿ ಸಣ್ಣ ಗೆರೆಗಳಲ್ಲಿ ಕೂರುತ್ತದೆ. ಮೆದು ಸೋಪು, ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಗೆರೆಗಳು ಓಡುವ ದಿಕ್ಕಿನಲ್ಲೇ, ಅಂದರೆ ಸುತ್ತಲೂ ಒರೆಸಿ, ತಕ್ಷಣ ಒಣಗಿಸಿ. ಬಾರಿಸಿದ ಮೇಲೆ ಬೆರಳಿನ ಬೆವರು ಒರೆಸಿಟ್ಟರೆ ತೊಳೆಯುವ ಕೆಲಸ ಅಪರೂಪಕ್ಕೆ ಬರುತ್ತದೆ. ಹೊಸ ಸಿಂಬಲ್‌ನ ಹೊಳಪು ಮಾಸುತ್ತಾ ಬಂದಂತೆ ದನಿಯೂ ಸ್ವಲ್ಪ ಮೆದುವಾಗುತ್ತದೆ. ತುಂಬಾ ಜನ ಡ್ರಮ್ಮರ್‌ಗಳು ಅದಕ್ಕೇ ಕಾಯುತ್ತಾರೆ, ನಾನೂ ಅವರಲ್ಲೊಬ್ಬ.