ಹೊಸ ಉಳಿ ಬೇಡ, ಇರೋದನ್ನ ಮಸೆಯಿರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರು ಮಾರಿದೆವು, ಗ್ಯಾರೇಜ್ ಖಾಲಿ ಬಿದ್ದಿದೆ. ಮಷೀನ್ ಇಲ್ಲದೆ ಕೈಯಿಂದಲೇ ಬಡಿಗತನ ಕಲಿಯುವ ಆಸೆ. 12 ಉಳಿಗಳ ಸೆಟ್ ತರಿಸಬೇಕು ಅಂದುಕೊಂಡಿದ್ದೇನೆ. ಕಟ್ಟಿಗೆ ಹೆರೆದು ನುಣುಪು ಮಾಡುವ ಹೊಸ ತೋಪಡ ಈಗಾಗಲೇ ತಂದಿದ್ದೇನೆ, ಆದರೆ ಹೊಡೆದಲ್ಲೆಲ್ಲ ಕಟ್ಟಿಗೆ ಕಿತ್ತು ಬರುತ್ತದೆ. ಬೇರೆ ಕಂಪನಿಯದು ತಗೊಳ್ಳಲೇ?
(ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬೇಡ ಸರ್. ಸೆಟ್ಟೂ ಬೇಡ, ಇನ್ನೊಂದು ತೋಪಡವೂ ಬೇಡ. 6, 12 ಮತ್ತು 25 ಮಿಲಿಮೀಟರ್ ಅಗಲದ ಮೂರು ಉಳಿ, ಈಗಿರುವ ತೋಪಡ, ಒಂದು ಗರಗಸ, ಕೊಡತಿ, ಮೂಲೆ ನೇರ 90 ಡಿಗ್ರಿ ಇದೆಯೇ ಎಂದು ನೋಡುವ ಮೂಲೆಮಟ್ಟ. ಸದ್ಯಕ್ಕೆ ಇಷ್ಟು ಸಾಕು. ಮೂಲೆಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನೇರ ಅಂಚಿನ ಹಲಗೆಗೆ ಹಚ್ಚಿ ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅಲ್ಲೇ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ, ಕವಲೊಡೆದರೆ ವಾಪಸ್ ಕೊಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಡಬ್ಬಿಯಿಂದ ತೆಗೆದ ಹೊಸ ತೋಪಡ, ಹೊಸ ಉಳಿ ಸಾಮಾನ್ಯವಾಗಿ ಚೂಪಾಗಿರುವುದಿಲ್ಲ, ಕಾರ್ಖಾನೆಯವರು ಆಕಾರ ಕೊಟ್ಟು ಕಳಿಸಿರುತ್ತಾರೆ ಅಷ್ಟೇ, ಮಸೆಯುವ ಕೆಲಸ ನಮ್ಮದು. ದುಬಾರಿ ಕಲ್ಲು ಬೇಕಿಲ್ಲ. 8 ಮಿಲಿಮೀಟರ್ ದಪ್ಪದ ಗಾಜಿನ ತುಂಡು ಮತ್ತು ಪೇಂಟ್ ಅಂಗಡಿಯ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) 220, 400, 800, 1500, 2000 ನಂಬರಿನವು ತನ್ನಿ, ನಂಬರ್ ಏರಿದಷ್ಟೂ ನಯ. ಗಾಜಿನ ಮೇಲೆ ನೀರು ಚಿಮುಕಿಸಿ ಪೇಪರ್ ಅಂಟಿಸಿ. ಮೊದಲು ಅಲಗಿನ ಹಿಂಬದಿ, ಅಂದರೆ ಸಪಾಟಾದ ಬದಿ. ತುದಿಯ ಹತ್ತಿರದ ಒಂದೆರಡು ಸೆಂಟಿಮೀಟರ್ ಮಾತ್ರ ಪೂರ್ತಿ ಮಟ್ಟವಾಗಿ ಹೊಳೆಯುವ ತನಕ ಉಜ್ಜಿ. ಇದು ಬೇಜಾರಿನ ಕೆಲಸ, ತೋಳು ನೋಯುತ್ತದೆ, ಆದರೆ ಒಂದು ಅಲಗಿಗೆ ಒಮ್ಮೆ ಮಾಡಿದರೆ ಮುಗಿಯಿತು. ಆಮೇಲೆ ಇಳಿಜಾರು ಬದಿ. ಅದು ಸಾಮಾನ್ಯವಾಗಿ 25 ಡಿಗ್ರಿ ಇರುತ್ತದೆ. ಹಿಡಿಕೆಯನ್ನು ಸ್ವಲ್ಪ ಎತ್ತಿ, 30 ಡಿಗ್ರಿಯಲ್ಲಿ ತುದಿಯಷ್ಟನ್ನೇ ಮಸೆಯಿರಿ. ಹಿಂಬದಿಯಿಂದ ಹೊರಗಡೆಗೆ ಬೆರಳು ಸರಿಸಿದಾಗ ತುದಿಯಲ್ಲಿ ಸಣ್ಣಗೆ ತೊಡರಿದಂತಾಗಬೇಕು. ಅದು ಅಲಗಿನ ಉದ್ದಕ್ಕೂ ಸಿಗುವ ತನಕ ಮುಂದಿನ ನಂಬರಿನ ಪೇಪರಿಗೆ ಹೋಗಬೇಡಿ. ಬಹಳ ಜನ ಎಡವುವುದು ಇಲ್ಲೇ. ಕೊನೆಗೆ 2000ದ ಮೇಲೆ ಹಿಂಬದಿಯನ್ನು ಒಂದೆರಡು ಸಲ ಎಳೆದರೆ ಆ ತೊಡಕು ಉದುರುತ್ತದೆ.

ಚೂಪಾಯಿತೋ ಇಲ್ಲವೋ ನೋಡಲು ಕೈ ಕೂದಲು ಬೋಳಿಸಿಕೊಳ್ಳಬೇಡಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡು ತಗೊಂಡು, ಗರಗಸದಲ್ಲಿ ಅಡ್ಡ ಕೊಯ್ದ ಮುಖವನ್ನು ಉಳಿಯಿಂದ ಕೆತ್ತಿ ನೋಡಿ. ಮೊಂಡು ಉಳಿಯಾದರೆ ಎಳೆ ಕುಸಿದು ಪುಡಿಯಾಗುತ್ತದೆ. ಚೂಪಾದದ್ದು ಕೆತ್ತಿದ ಕಡೆ ಮೇಣ ಸವರಿದಂತೆ ಹೊಳಪು ಬಿಡುತ್ತದೆ.

ಮಸೆದ ಮೇಲೂ ಕಟ್ಟಿಗೆ ಕಿತ್ತು ಬಂದರೆ ಹಲಗೆಯನ್ನು ತಿರುಗಿಸಿ ಇಟ್ಟು ಆ ಕಡೆಯಿಂದ ಹೊಡೆಯಿರಿ. ಹಲಗೆಯ ಬದಿ ನೋಡಿದರೆ ಎಳೆ ಯಾವ ಕಡೆಗೆ ಏರುತ್ತಿದೆ ಎಂದು ಕಾಣುತ್ತದೆ, ಅತ್ತಲೇ ತೋಪಡ ಸಾಗಬೇಕು. ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿಯನ್ನೂ ಅಲಗಿನ ತುದಿಯಿಂದ ಅರ್ಧ ಮಿಲಿಮೀಟರಿನಷ್ಟು ಹತ್ತಿರಕ್ಕೆ ತನ್ನಿ. ಎಳೆ ಸೀಳಿ ಏಳುವ ಮೊದಲೇ ಆ ಪಟ್ಟಿ ಸಿಪ್ಪೆಯನ್ನು ಮುರಿದು ಬಗ್ಗಿಸುತ್ತದೆ.

ಇನ್ನೊಂದು ಮಾತು. ಸೈಕಲ್ ಮೇಲೆ ಸಾಣೆ ಹಿಡಿಯಲು ಬರುವವರ ಹತ್ತಿರ ಈಳಿಗೆ ಕೊಡಿ, ಚಾಕು ಕೊಡಿ, ಉಳಿ ಕೊಡಬೇಡಿ. ಒಣ ಚಕ್ರಕ್ಕೆ ಒತ್ತಿ ಹಿಡಿದರೆ ತೆಳು ತುದಿ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅದು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ. ಸಾದಾ ಕಾರ್ಬನ್ ಉಕ್ಕಾದರೆ ಆ ಭಾಗದ ಹದ ಹೋಯಿತು, ನೀಲಿ ಇರುವಷ್ಟನ್ನೂ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಸಾಗವಾನಿಯ ಸಣ್ಣ ಮೇಜು ಮಾಡಿದೆ. ಡ್ರಾವರ್ ಆಗ ಬೆಣ್ಣೆಯ ಹಾಗೆ ಜಾರುತ್ತಿತ್ತು. ಮಳೆ ಹಿಡಿದ ಮೇಲೆ ಎಳೆದರೂ ಬರುತ್ತಿಲ್ಲ. ಕಟ್ಟಿಗೆ ಹಸಿ ಇತ್ತೇ?
(ಶಿಕ್ಷಕರು, ರಾಣೆಬೆನ್ನೂರು)

ಉತ್ತರ: ಕಟ್ಟಿಗೆ ಹಸಿ ಇದ್ದಿದ್ದರೆ ಬೇಸಿಗೆಯಲ್ಲೇ ಒಣಗಿ ಕುಗ್ಗಿರುತ್ತಿತ್ತು, ಡ್ರಾವರ್ ಇನ್ನೂ ಸಡಿಲವಾಗುತ್ತಿತ್ತು. ಎಷ್ಟು ಒಣಗಿದ ಕಟ್ಟಿಗೆಯಾದರೂ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಹಿಗ್ಗುವುದೆಲ್ಲ ಅಗಲಕ್ಕೆ. ಸಾಗವಾನಿ ಇದರಲ್ಲಿ ಬಹಳ ಸಂಭಾವಿತ, ಆದರೂ 30 ಸೆಂಟಿಮೀಟರ್ ಅಗಲದ ಹಲಗೆಯ ತೇವಾಂಶ 9ರಿಂದ 15 ಪ್ರತಿಶತಕ್ಕೆ ಏರಿದರೆ ಹಲಗೆ ಕೊಯ್ದ ರೀತಿ ನೋಡಿಕೊಂಡು 3 ಮಿಲಿಮೀಟರ್‌ವರೆಗೂ ಹಿಗ್ಗಬಹುದು. ನೀವು ಏಪ್ರಿಲ್‌ನ ಅಳತೆಗೆ ಬಿಗಿಯಾಗಿ ಕೂರಿಸಿದ್ದೀರಿ, ಅಲ್ವಾ? ಈಗ ಡ್ರಾವರಿನ ಎರಡೂ ಪಕ್ಕದ ಹಲಗೆಗಳ ಮೇಲಂಚಿಗೆ ತೋಪಡ ಹಚ್ಚಿ ಸಿಪ್ಪೆ ಸಿಪ್ಪೆಯಾಗಿ ತೆಗೆಯಿರಿ, ಸಲೀಸಾಗಿ ಓಡಿದ ಕೂಡಲೇ ನಿಲ್ಲಿಸಿ. ಮಳೆಗಾಲದಲ್ಲಿ ಜಾಸ್ತಿ ತೆಗೆದರೆ ಬೇಸಿಗೆಗೆ ಲಟಲಟ ಅನ್ನುತ್ತದೆ. ಮೇಣದಬತ್ತಿ ತಿಕ್ಕಿ. ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ ಕೂರಿಸಿದ್ದರೆ ಮಾತ್ರ ಚಿಂತೆ. ಮುಂದಿನ ಸಲ ಚೌಕಟ್ಟಿನಲ್ಲಿ ಸ್ಕ್ರೂ ತೂತನ್ನು ಉದ್ದುದ್ದ ಕೊರೆಯಿರಿ, ಹಲಗೆ ಸರಿದಾಡಿಕೊಳ್ಳಲಿ.

ಪ್ರಶ್ನೆ: ಹಳೆ ಮಾಳಿಗೆ ಮನೆ ಕೆಡವಿದಾಗ ಬಂದ ಜಂತಿಗಳಿವೆ. ಕರ್ರಗಾಗಿವೆ. ಏನಾದರೂ ಮಾಡಬಹುದಾ, ಒಲೆಗೆ ಹಾಕಲಾ?
(ಓದುಗರು, ಬೆಟಗೇರಿ, ಗದಗ)

ಉತ್ತರ: ಅಯ್ಯೋ, ಒಲೆಗೆ ಬೇಡ ತಾಯಿ! ಅಷ್ಟು ವರ್ಷ ಸೂರಿನಡಿ ಒಣಗಿದ ಕಟ್ಟಿಗೆ ಅಡ್ಡೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕಪ್ಪು ಮೇಲ್ಮೈಯಲ್ಲಷ್ಟೇ ಇರುವುದು, ಒಳಗೆ ಬಣ್ಣ ಚೆನ್ನಾಗಿರುತ್ತದೆ. ಆದರೆ ನೇರವಾಗಿ ತೋಪಡ ಹೊಡೆಯಬೇಡಿ. ಹಳೆಯ ಮಣ್ಣು, ಮರಳು ಎಳೆಯೊಳಗೆ ಕೂತಿರುತ್ತದೆ, ಒಂದೇ ಎಳೆತಕ್ಕೆ ಅಲಗು ಮೊಂಡಾಗುತ್ತದೆ. ತಂತಿ ಬ್ರಶ್ಶಿನಿಂದ ತಿಕ್ಕಿ, ಅಯಸ್ಕಾಂತ ಸರಿಸಿ ಮೊಳೆ ಹುಡುಕಿ. ಗೋಡೆಯೊಳಗೆ ಹುದುಗಿದ್ದ ತುದಿಗಳಿಗೆ ಗೆದ್ದಲು ಹತ್ತಿರುತ್ತದೆ. ಉಳಿಯಿಂದ ಚುಚ್ಚಿ ನೋಡಿ, ಮೆತ್ತಗಿರುವಷ್ಟು ಕೊಯ್ದು ಬಿಸಾಕಿ.

ಪ್ರಶ್ನೆ: ಚಪಾತಿ ಮಣೆ ಮಾಡಿದ್ದೇನೆ. ಶೇಂಗಾ ಎಣ್ಣೆ ಸವರಿದರೆ ನಡೆಯುತ್ತದಾ?
(ಕಾಲೇಜು ವಿದ್ಯಾರ್ಥಿ, ಸಪ್ತಾಪುರ, ಧಾರವಾಡ)

ಉತ್ತರ: ಶೇಂಗಾ ಎಣ್ಣೆ ಎಂದೂ ಒಣಗುವುದಿಲ್ಲ. ಕ್ರಮೇಣ ಜಿಗುಟಾಗಿ ಕಮಟು ವಾಸನೆ ಬರುತ್ತದೆ. ನಮ್ಮ ಅಗಸಿ ಎಣ್ಣೆ ಬಳಸಿ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವ ಜಾತಿಯದು. ಅಡುಗೆಗೆ ಬಳಸುವ ಎಣ್ಣೆಯೇ ಆಗಬೇಕು. ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಕೂಡ ಅಗಸಿ ಎಣ್ಣೆಯೇ, ಆದರೆ ಅದು ಬೇಡ, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ತೆಳ್ಳಗೆ ಸವರಿ, 20 ನಿಮಿಷ ಬಿಟ್ಟು ಪೂರ್ತಿ ಒರೆಸಿ, ಹಲವು ದಿನ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿ ಬೆಂಕಿ ಹತ್ತಿದ್ದುಂಟು. ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ.

ಪ್ರಶ್ನೆ: ಜಿಟಿಜಿಟಿ ಮಳೆಗೆ ಉಳಿಗಳೆಲ್ಲ ತುಕ್ಕು ಹಿಡಿಯುತ್ತಿವೆ. ಏನು ಮಾಡಲಿ?
(ಓದುಗರು, ಕಲಘಟಗಿ)

ಉತ್ತರ: ಕೆಲಸ ಮುಗಿದ ಮೇಲೆ ಬೆವರು ಒರೆಸಿ ಹೊಲಿಗೆ ಮಷೀನಿನ ಎಣ್ಣೆ ಸವರಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಚಳಿಗಾಲಕ್ಕೆ ಗಡ್ಡೆ ಕಟ್ಟುತ್ತದೆ ಅಷ್ಟೇ. ಪೆಟ್ಟಿಗೆ ಸಿಮೆಂಟ್ ನೆಲದ ಮೇಲೆ ಇಡಬೇಡಿ. ಈಗಾಗಲೇ ಹಿಡಿದ ತುಕ್ಕಿಗೆ 400 ನಂಬರಿನ ಪೇಪರ್ ಮತ್ತು ಎಣ್ಣೆ ಸಾಕು. ಹಿಂಬದಿಯಲ್ಲಿ ತುದಿಯ ಹತ್ತಿರ ಗುಳಿ ಬಿದ್ದಿದ್ದರೆ ಮಾತ್ರ ಅದು ಹೋಗುವ ತನಕ ಉಜ್ಜಬೇಕು, ಹಿಡಿಕೆ ಕಡೆಯ ಗುಳಿ ಇದ್ದರೆ ಇರಲಿ ಬಿಡಿ.