ಹೆಂಡತಿ ಹೆಸರಲ್ಲಿ ಸಲೂನ್ ತೆರೆಯಬೇಡಿ, ಅಗ್ರಿಮೆಂಟಿನ ತಾರೀಖು ನೋಡಿ

ಒಂದು ಬ್ರ್ಯಾಂಡಿನ ಹೆಸರಲ್ಲಿ ಸಲೂನ್ ನಡೆಸೋ ಫ್ರಾಂಚೈಸಿ ಅಗ್ರಿಮೆಂಟ್ ಮುಗಿಯೋಕೆ ಇನ್ನು ನಾಲ್ಕು ತಿಂಗಳಿದೆ, ಮುಗಿದ ಮೇಲೂ 2 ವರ್ಷ 3 ಕಿಲೋಮೀಟರ್ ಒಳಗೆ ಸಲೂನ್ ಮಾಡಬಾರದು ಅಂತಿದೆ, ಈಗಲೇ ಹೆಂಡತಿ ಹೆಸರಲ್ಲಿ ಶುರು ಮಾಡಲಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ನಾನು ಮಾಡಿದ್ದೂ ಇದನ್ನೇ, ನಾದಿನಿ ಹೆಸರಲ್ಲಿ.

ಮೈಸೂರಿನ ಸರಸ್ವತಿಪುರಂನಲ್ಲಿ ಐದು ವರ್ಷ ಒಂದು ಬ್ರ್ಯಾಂಡಿನ ಲೇಡೀಸ್ ಸಲೂನ್ ನಡೆಸಿದೆ. ಮಾರ್ಚ್ 31ಕ್ಕೆ ಅಗ್ರಿಮೆಂಟ್ ಮುಗಿಯೋದಿತ್ತು. ಪರಿಚಯದ ವಕೀಲರು "ಮುಗಿದ ಮೇಲೆ ಆ 2 ವರ್ಷದ ಷರತ್ತು ಕೋರ್ಟಲ್ಲಿ ನಿಲ್ಲೋದು ಕಷ್ಟ ಕಣಮ್ಮ" ಅಂದರು. ಷರತ್ತು ನಿಲ್ಲಲ್ಲ ಅನ್ನೋದಷ್ಟೇ ನನ್ನ ಕಿವಿಗೆ ಬಿತ್ತು. "ಮುಗಿದ ಮೇಲೆ" ಅನ್ನೋ ಎರಡು ಪದ ಬೀಳಲಿಲ್ಲ.

ಜನವರಿಯಲ್ಲಿ ಎರಡು ಕ್ರಾಸ್ ಆಚೆ ಮಳಿಗೆ ಹಿಡಿದೆ. ಬಾಡಿಗೆ ಪತ್ರ, ಟ್ರೇಡ್ ಲೈಸೆನ್ಸ್ ಎಲ್ಲ ನಾದಿನಿ ಹೆಸರಲ್ಲಿ. ಅಡ್ವಾನ್ಸ್ ಮಾತ್ರ ನನ್ನ ಖಾತೆಯಿಂದ ಹೋಯಿತು. ಶಾಂಪೂ ಬೇಸಿನ್ ಬಂದಾಗ ಅವಳು ಆಫೀಸಿನಲ್ಲಿ ಫೋನ್ ಎತ್ತಲ್ಲ ಅಂತ ಚಲನ್ ಮೇಲೆ ನನ್ನ ನಂಬರ್ ಬರೆಸಿದೆ. ಬೇಸಿನ್ ಕಳಿಸಿದವನೇ ಆ ಬ್ರ್ಯಾಂಡಿಗೂ ಸಪ್ಲೈಯರ್. ಫೆಬ್ರವರಿ 14ಕ್ಕೆ ಬಾಗಿಲು ತೆರೆದು, ಹಳೇ ಗಿರಾಕಿಗಳಿಗೆ ವಾಟ್ಸಾಪ್ ಮಾಡಿದೆ. ವಾರ ತುಂಬೋದರೊಳಗೆ ಏರಿಯಾ ಮ್ಯಾನೇಜರ್ ಆ ಚಲನ್ ಫೋಟೋ ಹಿಡಿದು ನನ್ನೆದುರು ನಿಂತಿದ್ದರು.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ನ್ಯಾಯವಾದ ಕಸುಬು ಮಾಡದಂತೆ ತಡೆಯೋ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಕ್ರಿಕೆಟಿಗ ಜಹೀರ್ ಖಾನ್ ಕೇಸಿನಲ್ಲೂ 2006ರಲ್ಲಿ ಸುಪ್ರೀಂ ಕೋರ್ಟ್, ಕರಾರು ಮುಗಿದ ಮೇಲಿನ ನಿರ್ಬಂಧ ನಡೆಯಲ್ಲ ಅಂತಲೇ ಹೇಳಿತು. ಆದರೆ ಕರಾರು ಜೀವಂತ ಇರುವಾಗಿನ ನಿರ್ಬಂಧದ ಕಥೆಯೇ ಬೇರೆ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಕೇಸಿನಲ್ಲಿ ಅದೇ ಕೋರ್ಟ್ ಅಂಥ ಷರತ್ತನ್ನು ಎತ್ತಿಹಿಡಿದಿದೆ. ಅಲ್ಲಿ ಒಂದು ವರ್ಷದ ನೋಟಿಸ್ ಅವಧಿಯೂ ಕರಾರಿನೊಳಗೇ ಸೇರಿತು. ಏಪ್ರಿಲ್ 1ಕ್ಕೆ ನನ್ನ ಹೆಸರಲ್ಲೇ ರಾಜಾರೋಷವಾಗಿ ತೆರೆಯಬಹುದಿತ್ತು. ಒಂದೂವರೆ ತಿಂಗಳು ಮುಂಚೆ ಕದ್ದು ತೆರೆದೆ, ಕದ್ದಿದ್ದಕ್ಕೆ ಸಾಕ್ಷಿಯಾಗಿ ನಾದಿನಿ ಹೆಸರು ಬೇರೆ.

ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ಜಗಳ ಬಗೆಹರಿಸೋದು) ಕಾಯ್ದೆಯ 9ನೇ ಸೆಕ್ಷನ್ ಹಿಡಿದು ಬ್ರ್ಯಾಂಡಿನವರು ಮಾರ್ಚ್ 31ರವರೆಗೆ ತಡೆಯಾಜ್ಞೆ ತಂದರು. ಹೊಸ ಅಂಗಡಿ ಶಟರ್ ಎಳೆದೆವು. ಆರ್ಬಿಟ್ರೇಷನ್ ನಡೆಯೋದು ಮುಂಬೈಯಲ್ಲಿ ಅಂತ ಅಗ್ರಿಮೆಂಟಲ್ಲೇ ಇತ್ತು. ಅಲ್ಲಿಗೆ ಓಡಾಡೋ ಶಕ್ತಿಯಿಲ್ಲದೆ 4 ಲಕ್ಷ ಡಿಪಾಸಿಟ್ ಬಿಟ್ಟುಕೊಟ್ಟು ರಾಜಿಯಾದೆ. ಐದು ವರ್ಷ ಚೀಟಿ ಕಟ್ಟಿ ಕೂಡಿಸಿದ ದುಡ್ಡು ಅದು. ನಾದಿನಿ ಆಫೀಸಿಗೂ ನೋಟಿಸ್ ಹೋಗಿ ಅವಳು ವರ್ಷವಿಡೀ ನನ್ನ ಜೊತೆ ಮಾತಾಡಲಿಲ್ಲ. ನಾನು ಅಷ್ಟೊಂದು ಹೆದರಿದ್ದ ಆ 2 ವರ್ಷದ ಷರತ್ತನ್ನು ಅವರು ಕೊನೆಗೆ ಎತ್ತಲೇ ಇಲ್ಲ.

ಹಾಗಾಗಿ ಯಾರ ಹೆಸರಲ್ಲಿ ತೆರೆಯೋದು ಅನ್ನೋ ಲೆಕ್ಕಾಚಾರವನ್ನೇ ಬಿಡಿ, ದಯವಿಟ್ಟು. ಅಗ್ರಿಮೆಂಟ್ ನಿಜವಾಗಿ ಯಾವತ್ತು ಮುಗಿಯುತ್ತೆ, ನೋಟಿಸ್ ಎಷ್ಟು ದಿನದ್ದು, ತಾನಾಗೇ ರಿನ್ಯೂ ಆಗುತ್ತೆ ಅನ್ನೋ ಸಾಲು ಎಲ್ಲಾದರೂ ಅಡಗಿದೆಯಾ, ಇವನ್ನು ವಕೀಲರ ಎದುರು ಕೂತು ಓದಿಸಿ. ಬಿಡುವಾಗ ಬೋರ್ಡು, ರೇಟ್ ಕಾರ್ಡು, ಅವರ ಸಾಫ್ಟ್‌ವೇರಿನಲ್ಲಿರೋ ಗಿರಾಕಿ ಪಟ್ಟಿ ಒಂದನ್ನೂ ತರಬೇಡಿ. ಮುಗಿದ ಮೇಲೂ ಅವರ ಹೆಸರು ಬಳಸಿದರೆ ಟ್ರೇಡ್‌ಮಾರ್ಕ್ ಕೇಸು ಹಾಕ್ತಾರೆ, ಅಲ್ಲಿ 27ನೇ ಸೆಕ್ಷನ್ ಕಾಪಾಡಲ್ಲ. ಲೆಕ್ಕ ಚುಕ್ತಾ ಮಾಡೋ ಪತ್ರದಲ್ಲಿ "ಗುಡ್‌ವಿಲ್ ಮಾರಿದ್ದೇನೆ", ಅಂದರೆ ವ್ಯಾಪಾರ ಗಳಿಸಿದ ಹೆಸರು-ನಂಬಿಕೆ ಮಾರಿದ್ದೇನೆ, ಅನ್ನೋ ಮಾತಿದ್ದರೆ ಸಹಿ ಹಾಕಬೇಡಿ, ಆ ಸೆಕ್ಷನ್ನಿಗಿರೋ ವಿನಾಯಿತಿಯೇ ಗುಡ್‌ವಿಲ್ ಮಾರಾಟ. ಕೀ ಒಪ್ಪಿಸಿದ ದಿನ ತಾರೀಖು ಹಾಕಿಸಿ ಅವರಿಂದ ಒಂದು ರಸೀದಿ ಬರೆಸಿಕೊಳ್ಳಿ. ಹೊಸ ಮಳಿಗೆಯ ಅಡ್ವಾನ್ಸ್ ಅದಾದ ಮೇಲೆ ಕೊಡಿ.