ಚಾಟ್ಸ್‌ವರ್ತ್‌ನ ಕುದುರೆ ಲಾಯದ ಹೋಟೆಲು: ನಿಮ್ಮ ಪ್ರಶ್ನೆಗೆ

ನಮಸ್ಕಾರ. ಮಗಳ ಮನೆಗೆ ಮ್ಯಾಂಚೆಸ್ಟರ್‌ಗೆ ಹೋಗಿರುವ ನೀವು, ಇಂಗ್ಲೆಂಡಿನ ಹಳೆಯ, ಅರಮನೆಯಂಥ ದೊಡ್ಡ ಮನೆಯಾದ ಚಾಟ್ಸ್‌ವರ್ತ್‌ನಲ್ಲಿ ಊಟ ಕೊಡುವ ಜಾಗ ನಿಜಕ್ಕೂ ಕುದುರೆ ಲಾಯವೇ, ಅಥವಾ ಸುಮ್ನೆ ಹೆಸರೇ ಎಂದು ಕೇಳಿದ್ದೀರಿ.

ನಿಜವಾದ ಲಾಯವೇ. ಆ ಮನೆಯ ಒಡೆಯರಾದ ಡೆವನ್‌ಶೈರ್ ಡ್ಯೂಕ್‌ಗಳ ಮನೆತನಕ್ಕೆ ಜೇಮ್ಸ್ ಪೇನ್ ಎಂಬ ವಾಸ್ತುಶಿಲ್ಪಿ 1760ರ ದಶಕದಲ್ಲಿ ಕಟ್ಟಿದ್ದು. 80 ಕುದುರೆಗಳಿಗೆ ಜಾಗವಿತ್ತು! ನೋಡಿದರೆ ಇದೇ ಅರಮನೆ ಅಂದುಕೊಳ್ಳಬೇಕು, ಹಾಗಿದೆ. ಹೆಬ್ಬಾಗಿಲಿನ ಮೇಲೆ ಮನೆತನದ ಲಾಂಛನ, ಎರಡು ಕಲ್ಲಿನ ಸಾರಂಗಗಳು. ಅವುಗಳ ಕೊಂಬು ಮಾತ್ರ ಕಲ್ಲಲ್ಲ, ಅಸಲಿ ಕೊಂಬು. ತಲೆ ಎತ್ತಿ ನೋಡಲು ಮರೆಯಬೇಡಿ.

ನಮ್ಮ ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ, ಸುತ್ತಲೂ ಕಟ್ಟಡ. ಕಾರು ಬಂದ ಮೇಲೆ ಕುದುರೆಗೆ ಕೆಲಸ ಇರಲಿಲ್ಲ. 1939ರಲ್ಲಿ ಕೊನೆಯವೂ ಹೋದವು. ಈಗ ಅಲ್ಲಿ ಅಂಗಡಿ, ಕಾಫಿ, ತಿಂಡಿ. ಹಿಂಬದಿಗೆ ಇರುವ 19ನೇ ಶತಮಾನದ ಸಾರೋಟು ಮನೆಯೇ ದೊಡ್ಡ ಊಟದ ಹಾಲ್. ಸಾರೋಟು ಒಳಗೆ ಬರಬೇಕಿತ್ತಲ್ವಾ, ಹಾಗಾಗಿ ಬಾಗಿಲು ಅಗಲ, ಚಾವಣಿ ಎತ್ತರ. ಜನ ಜಾಸ್ತಿ ಸೇರುವ ಹೋಟೆಲಿಗೆ ಇನ್ನೇನು ಬೇಕು? ಹೊಸದಾಗಿ ಕಟ್ಟಿ ಹಳೆಯ ಹಾಗೆ ಕಾಣಿಸುವ ಹೋಟೆಲುಗಳಿಗಿಂತ ನನಗೆ ಇದೇ ಇಷ್ಟ.

ಲದ್ದಿ ವಾಸನೆ ಬರುತ್ತಾ ಅಂತ ನಿಮ್ಮ ಮನೆಯವರು ಕೇಳಿದರಂತೆ. ಇಲ್ಲ ಬಿಡಿ, ಬರೋದು ಕಾಫಿ ವಾಸನೆಯೇ. ಲಾಯ ಇರುವುದು ದೊಡ್ಡ ಮನೆಗಿಂತ ಮೇಲೆ, ದಿಬ್ಬದ ಮೇಲೆ. ಮಂಡಿ ನೋವಿದ್ದರೆ ನಿಧಾನವಾಗಿ ಹತ್ತಿ.